ಗೀಸರ್‌ನ ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತಿದೆ, ಮುಚ್ಚಿಸಬಹುದೇ?

ಬಾಯಾರಿನ ಕೃಷಿಕ:
ನಮ್ಮ ಮನೆ ಬಾಯಾರಿನ ಬಳಿ ಗುಡ್ಡದ ಬುಡದಲ್ಲಿದೆ. ಸುರಂಗದ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲದ, ನೀರು ಮೇಲಿನ ಟಾಂಕಿಯಲ್ಲಿ ತುಂಬಿ, ಅಲ್ಲಿಂದ ಪಂಪಿನ ಹಂಗಿಲ್ಲದೆ ಪೈಪಿನಲ್ಲಿ ಮನೆಗೆ ಇಳಿಯುತ್ತದೆ. ಟಾಂಕಿಗೂ ಬಚ್ಚಲಿಗೂ ಸುಮಾರು 30 ಮೀಟರ್ ಎತ್ತರದ ಅಂತರವಿದೆ. ಇಷ್ಟು ಕಾಲ ಹಂಡೆಯಡಿ ಅಡಿಕೆ ಸಿಪ್ಪೆ, ಒಣ ಮಡಲು ಉರಿಸಿ ನೀರು ಕಾಯಿಸುತ್ತಿದ್ದೆವು. ಈಚೆಗೆ 25 ಲೀಟರಿನ ಗೀಸರ್ ಹಾಕಿಸಿದ್ದೇವೆ. ಅದರ ತಣ್ಣೀರಿನ ಪೈಪಿಗೆ ಜೋಡಿಸಿದ ಸೇಫ್ಟಿ ವಾಲ್ವಿನಿಂದ ನೀರು ಕಾಯುವಾಗಲೆಲ್ಲ ಹನಿ ಬೀಳುತ್ತದೆ. ಪ್ಲಂಬರ್ ಅದಕ್ಕೆ ಎಂಡ್ ಕ್ಯಾಪ್ ಹಾಕಿಬಿಡೋಣ ಎನ್ನುತ್ತಿದ್ದಾರೆ. ಹಾಗೆ ಮಾಡಬಹುದೇ? ಒತ್ತಡ ಕಡಿಮೆ ಮಾಡುವ ವಾಲ್ವ್ ಹಾಕಿಸಿದರೆ ಹನಿ ನಿಲ್ಲುವುದೇ?

ನಿವೃತ್ತ ಮಾಸ್ತರ್, ಕುಂಬಳೆ:
ದಯವಿಟ್ಟು ಮುಚ್ಚಿಸಬೇಡಿ. ಕಾಯುವಾಗ ಹನಿ ಬೀಳುವುದು ದೋಷವಲ್ಲ, ಆ ವಾಲ್ವಿನ ಕೆಲಸವೇ ಅದು.

ನೀರು ಬಿಸಿಯಾದಂತೆ ಹಿಗ್ಗುತ್ತದೆ. 26 ಡಿಗ್ರಿಯ 25 ಲೀಟರ್ ನೀರು 65 ಡಿಗ್ರಿಗೆ ಏರುವಷ್ಟರಲ್ಲಿ ಸುಮಾರು 400 ಮಿಲಿಲೀಟರ್ ಹೆಚ್ಚಾಗುತ್ತದೆ. ಹಂಡೆಯ ಬಾಯಿ ತೆರೆದಿದ್ದುದರಿಂದ ಅದು ನಿಮ್ಮ ಗಮನಕ್ಕೇ ಬಂದಿರಲಾರದು. ಗೀಸರ್ ಹಾಗಲ್ಲ, ಸೇಫ್ಟಿ ವಾಲ್ವಿನೊಳಗೇ ಇರುವ ಒಮ್ಮುಖ ವಾಲ್ವ್ ನೀರನ್ನು ಒಳಗೆ ಬಿಡುತ್ತದೆಯೇ ಹೊರತು ಟಾಂಕಿಯತ್ತ ಹಿಂದಕ್ಕೆ ಬಿಡುವುದಿಲ್ಲ. ನೀರನ್ನು ಅದುಮಿ ಕುಗ್ಗಿಸಲು ಬಾರದಾದ್ದರಿಂದ ಒತ್ತಡ ಬೇಗನೆ ಏರುತ್ತದೆ, ಮತ್ತು ವಾಲ್ವಿಗೆ ಗುರುತಿಸಿದ ಮಿತಿಯನ್ನು, ಸಾಮಾನ್ಯವಾಗಿ 8 ಬಾರ್ ಅನ್ನು, ಮುಟ್ಟಿದಾಗ ಸ್ಪ್ರಿಂಗ್ ಮಣಿದು ಹೆಚ್ಚಿನ ನೀರು ಹನಿಹನಿಯಾಗಿ ಹೊರಬೀಳುತ್ತದೆ. ನಿಮ್ಮ 30 ಮೀಟರ್ ಎತ್ತರ ಕೊಡುವ ಒತ್ತಡ ಸುಮಾರು 3 ಬಾರ್ ಮಾತ್ರ.

ಉಷ್ಣತೆಯನ್ನು ನೋಡಿಕೊಳ್ಳುವುದು ಥರ್ಮೋಸ್ಟಾಟ್. ಅದು ತಪ್ಪಿದರೆ ವಿದ್ಯುತ್ ಕಡಿಯಲು ಕಟ್‌ಔಟ್ ಇದೆ. ಎರಡೂ ಕೈಕೊಟ್ಟ ದಿನ ಒತ್ತಡದಡಿಯ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕುಳಿತಿರುತ್ತದೆ. ಆಗ ತೊಟ್ಟಿ ಸೀಳಿದರೆ ಅದರ ಒಂದು ಭಾಗ ಕ್ಷಣದಲ್ಲಿ ಆವಿಯಾಗುತ್ತದೆ. ಒಂದು ಲೀಟರ್ ನೀರು ಪೂರ್ತಿ ಆವಿಯಾದರೆ ಅದಕ್ಕೆ ಸುಮಾರು 1,600 ಲೀಟರ್ ಜಾಗ ಬೇಕು. ಅಮೆರಿಕದ ಮನೆಗಳಲ್ಲಿ ಒತ್ತಡ 10 ಬಾರ್ ಮುಟ್ಟಿದರೂ, ಉಷ್ಣತೆ 99 ಡಿಗ್ರಿ ಮುಟ್ಟಿದರೂ ತೆರೆಯುವ ವಾಲ್ವನ್ನೇ ಬಳಸುತ್ತಾರೆ.

ಇದು ಹಳೆಯ ಉಪಾಯ. ಎಲುಬನ್ನೂ ಮೆದುವಾಗಿಸುವ ಪಾತ್ರೆಯೊಂದನ್ನು ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತೋರಿಸಿದರು; ಅದು ಸಿಡಿಯದಂತೆ ಸನ್ನೆಗೋಲಿಗೆ ಭಾರ ಕಟ್ಟಿದ ವಾಲ್ವನ್ನೂ ಅವರೇ ರೂಪಿಸಿದರು. ನಮ್ಮ ಕುಕ್ಕರಿನ ವೆಯ್ಟ್ ಅದರ ಮೊಮ್ಮಗುವೆನ್ನಬಹುದು. 3 ಮಿಲಿಮೀಟರ್ ಅಗಲದ ತೂತಿನ ಮೇಲೆ ಸುಮಾರು 70 ಗ್ರಾಂ ಕೂತರೆ, ಒಳಗಿನ ಒತ್ತಡ ಹೊರಗಿನದಕ್ಕಿಂತ ಚದರ ಸೆಂಟಿಮೀಟರಿಗೆ ಒಂದು ಕಿಲೋ ಹೆಚ್ಚಾಗುವವರೆಗೆ ಅದು ಏಳುವುದಿಲ್ಲ. ಅಷ್ಟರಲ್ಲಿ ಒಳಗೆ 120 ಡಿಗ್ರಿ ಆಗಿರುತ್ತದೆ. ಬೇಳೆ ಬೇಗ ಬೇಯುವುದು ಅದರಿಂದಲೇ.

ವರ್ಕ್‌ಶಾಪ್, ಬದಿಯಡ್ಕ:
ಮಾಸ್ತರರು ಹೇಳಿದ್ದು ಸರಿ. ಎರಡನೆಯ ಪ್ರಶ್ನೆ ಉಳಿದಿದೆ, ಅದಕ್ಕೆ ನಾನು ಉತ್ತರಿಸುತ್ತೇನೆ.

ಸೇಫ್ಟಿ ವಾಲ್ವ್ ಮಿತಿ ದಾಟುವವರೆಗೆ ಸುಮ್ಮನಿರುತ್ತದೆ. ಒತ್ತಡ ಇಳಿಸುವ ವಾಲ್ವ್ ನೀರು ಹರಿಯುವಾಗಲೆಲ್ಲ ದುಡಿಯುತ್ತದೆ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಈ ಎರಡನೆಯ ಜಾತಿಯದು. ಸಿಲಿಂಡರಿನೊಳಗೆ ಹಲವು ಬಾರ್ ಒತ್ತಡವಿದ್ದರೂ ಒಲೆಗೆ ಹೋಗುವುದು ಸುಮಾರು 30 ಮಿಲಿಬಾರ್, ಅಂದರೆ ಒಂದಡಿ ಆಳದ ನೀರಿನಷ್ಟು. ಒಳಗೊಂದು ರಬ್ಬರ್ ಪೊರೆ, ಅದರ ಮೇಲೆ ಸ್ಪ್ರಿಂಗ್. ಉರಿ ದೊಡ್ಡದು ಮಾಡಿದರೆ ಪೊರೆಯ ಕೆಳಗಿನ ಒತ್ತಡ ಇಳಿಯುತ್ತದೆ, ಸ್ಪ್ರಿಂಗ್ ಪೊರೆಯನ್ನು ಒತ್ತುತ್ತದೆ, ಸನ್ನೆ ಗ್ಯಾಸಿನ ದಾರಿಯನ್ನು ಅಗಲಿಸುತ್ತದೆ. ಉರಿ ಸಣ್ಣದು ಮಾಡಿದಾಗ ಇದೆಲ್ಲ ಹಿಮ್ಮುಖವಾಗಿ ನಡೆಯುತ್ತದೆ. ನೀರಿನ ವಾಲ್ವಿನದೂ ಇದೇ ಕ್ರಮ.

ಆದ್ದರಿಂದ ಅದನ್ನು ಹಾಕಿಸಿದರೆ ನಲ್ಲಿಗಳ ಮೇಲಿನ ಒತ್ತಡ ಇಳಿಯುತ್ತದೆ, ಆದರೆ ಗೀಸರಿನ ಹನಿ ನಿಲ್ಲುವುದಿಲ್ಲ. ಹಿಗ್ಗಿದ ನೀರಿಗೆ ಹಿಂದಕ್ಕೆ ದಾರಿ ಅದರಲ್ಲೂ ಇಲ್ಲ. ನಿಮ್ಮ 3 ಬಾರಿಗೆ ಆ ಖರ್ಚು ಬೇಕೆಂದು ನನಗನಿಸುವುದಿಲ್ಲ. ಗೀಸರ್ ಆರಿಸಿ, ನೀರು ಪೂರ್ತಿ ತಣಿದ ಮೇಲೂ ಹನಿ ಬೀಳುವುದೇ ಎಂದು ಮೊದಲು ನೋಡಿ. ಬೀಳುವುದಾದರೆ ವಾಲ್ವಿನ ಸೀಟಿನಲ್ಲಿ, ಅಂದರೆ ಅದರ ಮುಚ್ಚಳ ಕೂರುವ ಜಾಗದಲ್ಲಿ, ಮಣ್ಣು ಕೂತಿರಬಹುದು. ಸುರಂಗದ ನೀರಿನಲ್ಲಿ ಮಳೆಗಾಲದಲ್ಲಿ ನಯವಾದ ಜೇಡಿ ಬರುವುದು ನಿಮಗೆ ಗೊತ್ತೇ ಇದೆ. ತಣ್ಣಗಿದ್ದಾಗ ವಾಲ್ವಿನ ಹಿಡಿಯನ್ನು ಎರಡು ಮೂರು ಸಲ ಎತ್ತಿ ನೀರು ಹರಿಸಿ; ಆದರೂ ನಿಲ್ಲದಿದ್ದರೆ ವಾಲ್ವ್ ಬದಲಿಸಿ.

ಬಾಯಾರಿನ ಕೃಷಿಕ:
ಇಬ್ಬರಿಗೂ ವಂದನೆಗಳು. ನಿನ್ನೆ ಸಂಜೆ ಹನಿಯ ಕೆಳಗೆ ಅಳತೆಯ ಪಾತ್ರೆ ಇಟ್ಟು ನೋಡಿದೆ. ಗೀಸರ್ ಒಮ್ಮೆ ಕಾದು ತಾನಾಗಿ ಆರುವಷ್ಟರಲ್ಲಿ 350 ಮಿಲಿಲೀಟರ್ ಸೇರಿತ್ತು. ರಾತ್ರಿ ತಣಿದ ಮೇಲೆ ಒಂದು ಹನಿಯೂ ಬೀಳಲಿಲ್ಲ. ಪ್ಲಂಬರಿಗೆ ಕ್ಯಾಪ್ ಬೇಡವೆಂದು ತಿಳಿಸಿದ್ದೇನೆ. ಹನಿ ನೆಲಕ್ಕೆ ಬೀಳದಂತೆ ಪೈಪ್ ಜೋಡಿಸಬಹುದಲ್ಲವೇ?

ವರ್ಕ್‌ಶಾಪ್, ಬದಿಯಡ್ಕ:
ಧಾರಾಳವಾಗಿ ಜೋಡಿಸಿ. ಪೈಪ್ ಬಿಸಿನೀರನ್ನು ತಡೆಯುವಂಥದ್ದಾಗಿರಲಿ, ಉದ್ದಕ್ಕೂ ಇಳಿಜಾರಾಗಿರಲಿ, ಮಧ್ಯೆ ಯಾವ ನಲ್ಲಿಯೂ ಬೇಡ, ತುದಿ ಸದಾ ತೆರೆದೇ ಇರಲಿ.