ಕೆಳಗಿನ ಟ್ರ್ಯಾಪ್ ಭರ್ತಿ, ಮೇಲಿನದು ಹೆಚ್ಚುಕಡಿಮೆ ಖಾಲಿ. ಯಾಕೆ?

ಕೆಸರುಕಪ್: ತಲೆ ಕೆಟ್ಟು ಹೋಗಿದೆ. ಫ್ಯೋರ್ಡ್‌ನಲ್ಲಿ (ಹಿಮನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿದ ಜಾಗ) ಒಂದೇ ಮೂರಿಂಗ್, ಅಂದರೆ ತಳಕ್ಕೆ ಲಂಗರು ಹಾಕಿದ ಹಗ್ಗ; ಅದರಲ್ಲಿ ಎರಡು ಸೆಡಿಮೆಂಟ್ ಟ್ರ್ಯಾಪ್, ಬೀಳುವ ಕಣಗಳನ್ನು ಕಪ್‌ಗಳಲ್ಲಿ ಹಿಡಿಯುವ ಸಾಧನ. ಕೆಳಗೆ ಇಳಿಯುತ್ತಾ ಕಣಗಳು ಕಡಿಮೆಯಾಗಬೇಕು ಅಲ್ವಾ? ಇಲ್ಲಿ ಉಲ್ಟಾ. ಮೇಲಿನ ಕಪ್‌ಗಳಲ್ಲಿ ತೆಳು ಪದರ, ಕೆಳಗಿನವುಗಳಲ್ಲಿ ಕುತ್ತಿಗೆವರೆಗೂ ಕೆಂಪು ಕೆಸರು. ಅವಧಿಗೊಂದು ಕಪ್ ಬದಲಿಸುವ ಮೋಟಾರು ಸರಿಯಾಗೇ ತಿರುಗಿದೆ. ಏನು ಮಾಡಲಿ?

ಸಿಗಡಿಪ್ರಿಯ: ಈಜಿಕೊಂಡು ಬಂದ ಗಿರಾಕಿಗಳು. ಕೋಪೆಪಾಡ್ (ಸಿಗಡಿ ಜಾತಿಯ ಪುಟ್ಟ ಜೀವಿ) ಕಪ್‌ಗೆ ನುಗ್ಗಿ, ಫಾರ್ಮಲಿನ್‌ನಲ್ಲಿ ಸತ್ತು, ತೂಕ ಏರಿಸುತ್ತವೆ.

ಉಡುಪಿ_ಉಪ್ಪುನೀರು: ಮಾರಾಯ್ರೆ, ಯಾವ ಫ್ಯೋರ್ಡ್? ಯಾವ ದಡ? ತಳದಿಂದ ಎಷ್ಟು ಮೇಲೆ?

ಕೆಸರುಕಪ್: ಕೆಂಪು ಕೆಸರು ಅಂದೆನಲ್ಲ! ಆರ್ಕ್ಟಿಕ್‌ನ ನಾರ್ವೆ ದ್ವೀಪಗಳಾದ ಸ್ವಾಲ್ಬಾರ್ಡ್‌ನ ಕೊಂಗ್ಸ್‌ಫ್ಯೋರ್ಡ್, ದಕ್ಷಿಣ ದಡದ ಕಡೆ. ಕೆಳಗಿನದು ತಳಕ್ಕೆ ಹತ್ತಿರವೇ. ಕೋಪೆಪಾಡ್ ಆಗಲೇ ಆರಿಸಿ ತೆಗೆದಿದ್ದೇನೆ. ಉಳಿದದ್ದು ಕಲ್ಲುಹಿಟ್ಟು, ಬೆರಳಿಗೆ ಟಾಲ್ಕಂ ಪೌಡರ್ ತರಹ ನುಣ್ಣಗೆ.

ಸಿಗಡಿಪ್ರಿಯ: ಕೈಯಲ್ಲಿ ಆರಿಸಿದರೆ ಚಿಕ್ಕವು ಉಳಿದೇ ಉಳಿಯುತ್ತವೆ. ಜರಡಿ ಹಿಡಿಯಿರಿ.

ಕೆಸರುಕಪ್: ಸುಟ್ಟು ತೂಗಿದ್ದೇನೆ ಸಾರ್. ಹೆಚ್ಚುಪಾಲು ಬೂದಿಯಾಗಿ ಹಾಗೇ ಉಳಿಯಿತು. ಸಿಗಡಿ ಸುಟ್ಟರೆ ಕಲ್ಲು ಉಳಿಯುತ್ತದಾ?

ಬೆರ್ಗೆನ್_ಭಟ್ರು: ಫ್ಯೋರ್ಡ್ ಅಂದಮೇಲೆ ಬಾಯಲ್ಲಿ ಹೊಸ್ತಿಲು, ಅಂದರೆ ನೀರೊಳಗಿನ ದಿಬ್ಬ. ಒಳಗಿನ ತಳದ ನೀರು ಅಲ್ಲಾಡುವುದೇ ಕಷ್ಟ. ತಳದ ಕೆಸರು ಏಳುವ ಮಾತೇ ಇಲ್ಲ.

ಉಡುಪಿ_ಉಪ್ಪುನೀರು: ಭಟ್ರೇ, ಎಲ್ಲವೂ ನಾರ್ವೆಯ ನಿಮ್ಮ ಸೋಂಗ್ನೆಫ್ಯೋರ್ಡ್ ಅಲ್ಲ. ಅಲ್ಲಿ ಆಳ 1,300 ಮೀಟರ್ ದಾಟುತ್ತದೆ, ಬಾಯಲ್ಲಿ ಅದಕ್ಕಿಂತ ಬಹಳ ಕಡಿಮೆ ಆಳದ ಹೊಸ್ತಿಲು. ಕೊಂಗ್ಸ್‌ಫ್ಯೋರ್ಡ್ ಬಾಯಿ ಒಂದು ಆಳದ ಕಂದಕಕ್ಕೆ ತೆರೆದಿದೆ. ಅಟ್ಲಾಂಟಿಕ್ ನೀರು ಅದರಲ್ಲೇ ಒಳಗೆ ಬರುತ್ತದೆ. 2014ರಲ್ಲಿ ಭಾರತದ ಇಂಡ್‌ಆರ್ಕ್ ಮೂರಿಂಗ್ ಹಾಕಿದ್ದೂ ಇಲ್ಲೇ, ಇದನ್ನೇ ನೋಡಲು.

ಬೆರ್ಗೆನ್_ಭಟ್ರು: ನಾನು ಸಾಮಾನ್ಯವಾಗಿ ಹೇಳಿದೆ. ಹೊಸ್ತಿಲಿಲ್ಲದ್ದನ್ನು ಫ್ಯೋರ್ಡ್ ಅನ್ನಬೇಕೇ ಅನ್ನುವುದೇ ಬೇರೆ ಚರ್ಚೆ.

ಉಡುಪಿ_ಉಪ್ಪುನೀರು: ಅದು ಬೇರೆ ಕಡೆ ಇಟ್ಟುಕೊಳ್ಳಿ. ಕೆಸರುಕಪ್, ಕ್ರೋನೆಬ್ರೀನ್ ಹಿಮನದಿಯ ಬುಡದಿಂದ ಬರುವ ಸಿಹಿನೀರು ಮೇಲೇಳುತ್ತದೆ, ಆಮೇಲೆ ಹೊರಗೆ ಹೋಗುವಾಗ ಭೂಮಿ ತಿರುಗುವುದರಿಂದ ಬಲಕ್ಕೆ ಒತ್ತುತ್ತದೆ. ಅಂದರೆ ಉತ್ತರ ದಡ. ನಿಮ್ಮ ಮೇಲಿನ ಟ್ರ್ಯಾಪ್‌ಗೆ ಅದು ಅಷ್ಟಾಗಿ ಸಿಗುವುದಿಲ್ಲ. ಜೊತೆಗೆ ಉಪ್ಪುನೀರು ತಾಗಿದ ಕೂಡಲೇ ಕಣಗಳು ಮುದ್ದೆಗಟ್ಟಿ ಬೇಗ ಇಳಿದುಬಿಡುತ್ತವೆ. ಈಗ ಒಂದೇ ಪ್ರಶ್ನೆ: ಜನವರಿ ಕಪ್‌ನಲ್ಲಿ ಏನಿದೆ?

ಕೆಸರುಕಪ್: ಕೆಳಗಿನದು ಜುಲೈನಷ್ಟೇ ತುಂಬಿದೆ. ಮೇಲಿನದು ಸ್ವಚ್ಛ.

ಉಡುಪಿ_ಉಪ್ಪುನೀರು: ಆಯ್ತಲ್ಲ! ಜನವರಿಯಲ್ಲಿ ಸೂರ್ಯನೇ ಇಲ್ಲ, ಕರಗುವ ನೀರು ಹೆಚ್ಚುಕಡಿಮೆ ನಿಂತಿರುತ್ತದೆ, ಪಾಚಿಯೂ ಬೆಳೆಯುವುದಿಲ್ಲ. ಮೇಲಿಂದ ಬೀಳುವಂಥದ್ದು ಏನಿದೆ? ಬೇಸಿಗೆಯಲ್ಲಿ ಕೂತ ಕೆಸರನ್ನು ಗಾಳಿ, ಪ್ರವಾಹ ಅಥವಾ ತಣ್ಣಗಾಗಿ ಭಾರವಾದ ನೀರು ಮತ್ತೆ ಎಬ್ಬಿಸುತ್ತಿದೆ. ಅಲ್ಲೇ ತಳದಿಂದ ಸ್ವಲ್ಪ ಕೆಸರು ತೆಗೆದು ಕಾರ್ಬನ್, ಕ್ಲೋರೊಫಿಲ್ ಪಾಲನ್ನು ಕಪ್‌ನದ್ದರ ಜೊತೆ ಹೋಲಿಸಿ. ಸಿಟಿಡಿಯ (ನೀರಿನ ಉಪ್ಪು, ತಾಪ, ಆಳ ಅಳೆಯುವ ಉಪಕರಣ) ಟರ್ಬಿಡಿಟಿ, ಅಂದರೆ ನೀರಿನ ಕದಡು ತೋರಿಸುವ ಗೆರೆ ಕೊನೆಯ ಮೀಟರ್‌ಗಳಲ್ಲಿ ಏರಿದೆಯೇ ನೋಡಿ. ಕೆಳಗಿನ ಲೆಕ್ಕವನ್ನು ಮೇಲಿಂದ ಬಿದ್ದದ್ದು ಅಂತ ಮಾತ್ರ ಬರೆಯಬೇಡಿ.

ಸಿಗಡಿಪ್ರಿಯ: ಚಳಿಗಾಲದಲ್ಲೂ ಕೋಪೆಪಾಡ್ ಆಳದಲ್ಲೇ ಇರುತ್ತವೆ, ಸುಮ್ನೆ ಹೇಳಿದೆ.

ಕೆಸರುಕಪ್: ಟರ್ಬಿಡಿಟಿ ಸೆನ್ಸರ್ ಇತ್ತು, ಗಾಜಿನ ಮೇಲೆ ಏನೋ ಬೆಳೆದು ಗೆರೆ ಹಾಳಾಗಿದೆ.

ಬೆರ್ಗೆನ್_ಭಟ್ರು: ವೈಪರ್ ಇರುವುದು ತಗೊಳ್ಳಬೇಕಿತ್ತು. ನಮ್ಮ ಹಡಗಿನ ಸಿಟಿಡಿಗೆ ಹೊಸ ವಿಂಚ್ ಬಂದಿದೆ, ಫೋಟೋ ಹಾಕುತ್ತೇನೆ.

ಸಿಗಡಿಪ್ರಿಯ: ಹಾಕಿ ಭಟ್ರೇ. ಕೇಬಲ್ ಎಷ್ಟು ಮೀಟರ್?