ಸಹಾಯ ಬೇಕು: ಅಂಗಡಿಯೊಳಗೆ ಮೆಜನೈನ್ (ನೆಲಕ್ಕೂ ಚಾವಣಿಗೂ ನಡುವಿನ ಅರ್ಧ ಮಹಡಿ) ಹಾಕಲು ಅನುಮತಿ ಬೇಕೇ?

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ ನಮ್ಮ ಸ್ವಂತ ಕಟ್ಟಡದಲ್ಲಿ ಪಾತ್ರೆ ಅಂಗಡಿ ಇದೆ. ನೆಲದಳತೆ 900 ಚದರಡಿ, ಚಾವಣಿಯ ಎತ್ತರ 15 ಅಡಿ. ಅಡಿಕೆ ಕೊಯ್ಲು ಮುಗಿದು ಮದುವೆಗಳು ಶುರುವಾದರೆ ಹಂಡೆ, ಕೊಳದಪ್ಪಲೆಗಳ ನಡುವೆ ಗಿರಾಕಿಗಳು ಅಡ್ಡಡ್ಡ ನಡೆಯಬೇಕು! ಹಿಂದೆ ಜಾಗವಿಲ್ಲ, ಪಕ್ಕದ ಮಳಿಗೆಯ ಬೆಲೆ ಕೇಳುವ ಹಾಗಿಲ್ಲ. ಹಾಗಾಗಿ ಒಳಗೇ ಕಬ್ಬಿಣದ ಕಂಬ, ತೊಲೆ ನಿಲ್ಲಿಸಿ ಮೆಜನೈನ್ ಮಾಡುವ ಯೋಚನೆ.

ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು ನೋಡಿದೆ. ಮೆಜನೈನ್ ಕಟ್ಟಡದ ತಳವಿಸ್ತೀರ್ಣದ ಮೂರನೇ ಒಂದು ಭಾಗ ಮೀರಬಾರದು, ಎತ್ತರ ಕನಿಷ್ಠ 2.2 ಮೀಟರ್ ಇರಬೇಕು, ಗಾಳಿ ಬೆಳಕಿಗೆ ಅಡ್ಡಿಯಾಗಬಾರದು ಎಂದಿದೆ. ಅಂದರೆ ನಮಗೆ 300 ಚದರಡಿ. ಮೇಲೆ, ಕೆಳಗೆ ತಲಾ 2.2 ಮೀಟರ್ ಬಿಟ್ಟರೆ ತೊಲೆಗೆ ಉಳಿಯುವುದು ಆರೇಳು ಅಂಗುಲ ಮಾತ್ರ, ಅದು ಬೇರೆ ತಲೆನೋವು.

ನಿಜವಾದ ಗೊಂದಲ ಇಲ್ಲಿದೆ. ಒಬ್ಬ ಎಂಜಿನಿಯರ್, ಬೋಲ್ಟ್ ಹಾಕಿ ಜೋಡಿಸಿದ್ದು ಬಿಚ್ಚಲು ಬರುತ್ತದೆ, ಅನುಮತಿ ಬೇಡ ಎನ್ನುತ್ತಾರೆ. ಇನ್ನೊಬ್ಬರು, ಅದು ನೆಲವಿಸ್ತೀರ್ಣಕ್ಕೆ ಸೇರುತ್ತದೆ, ಪರಿಷ್ಕೃತ ನಕ್ಷೆ ಬೇಕೇ ಬೇಕು ಎನ್ನುತ್ತಾರೆ. ವೆಲ್ಡಿಂಗ್‌ನವರಿಗಂತೂ ಮುಂಗಡ ಕೊಟ್ಟರೆ ಸಾಕು, ಎಲ್ಲವೂ ಸರಿಯೇ.

ಶಿವಮೊಗ್ಗದಲ್ಲಿ ಈ ಕೆಲಸ ಮಾಡಿಸಿದವರು ದಯವಿಟ್ಟು ತಿಳಿಸಿ: ಬಿಚ್ಚಬಹುದಾದ ಮೆಜನೈನ್‌ಗೂ ಪಾಲಿಕೆಯಿಂದ ಪರಿಷ್ಕೃತ ನಕ್ಷೆಯ ಮಂಜೂರಾತಿ ಪಡೆಯಬೇಕೇ? ಸರಕು ಇಡಲು ಮಾತ್ರ, 1.5 ಮೀಟರ್ ಎತ್ತರದ ಅಟ್ಟವಾಗಿ ಮಾಡಿದರೆ ವಿನಾಯಿತಿ ಇದೆಯೇ?