ಖಿನ್ನತೆಯೋ ಬೈಪೋಲಾರ್ ಕಾಯಿಲೆಯೋ: ರಕ್ತ ಪರೀಕ್ಷೆಯಿಂದ ತಿಳಿಯಬಹುದೇ?

ಮಲೆನಾಡಿನವಳು (ಪ್ರಶ್ನೆ):
ನನ್ನ ತಮ್ಮನಿಗೆ ಖಿನ್ನತೆಗೆಂದು ಚಿಕಿತ್ಸೆ ನಡೆಯುತ್ತಿದೆ. ನಮ್ಮ ಸೋದರಮಾವನಿಗೆ ಬೈಪೋಲಾರ್ ಕಾಯಿಲೆ (ಖಿನ್ನತೆಯೂ ಅತಿ ಹುರುಪಿನ ಉನ್ಮಾದವೂ ಬಂದು ಹೋಗುವ ಕಾಯಿಲೆ) ಇರುವುದರಿಂದ ಇವನದೂ ಅದೇ ಆಗಿರಬಹುದೆಂಬ ಅನುಮಾನ ವೈದ್ಯರಿಗಿದೆ. ಕಾರ್ಟಿಸೋಲ್ (ಒತ್ತಡದ ಹಾರ್ಮೋನು), ಬಿಡಿಎನ್‌ಎಫ್ (ನರಕೋಶಗಳನ್ನು ಪೋಷಿಸುವ ಪ್ರೋಟೀನ್), ಸಿ-ರಿಯಾಕ್ಟಿವ್ ಪ್ರೋಟೀನ್ (ಉರಿಯೂತವಿದ್ದಾಗ ರಕ್ತದಲ್ಲಿ ಏರುವಂಥದ್ದು) ಮುಂತಾದ ಜೈವಿಕ ಸೂಚಕಗಳ ಬಗ್ಗೆ ಓದಿದೆ. ಸಕ್ಕರೆ ಕಾಯಿಲೆಯನ್ನು ರಕ್ತದಲ್ಲಿ ಪತ್ತೆ ಮಾಡುವಂತೆ ಇವೆರಡನ್ನೂ ಬೇರ್ಪಡಿಸಿ ತೋರಿಸುವ ಪರೀಕ್ಷೆ ಇದೆಯೇ? ಹಣ ಹೇಗಾದರೂ ಹೊಂದಿಸಿಕೊಳ್ಳುತ್ತೇವೆ. ಹುಸಿ ಭರವಸೆಯ ಹಿಂದೆ ಅವನನ್ನು ಅಲೆಸಲು ಮಾತ್ರ ಮನಸ್ಸಿಲ್ಲ.

ಮನೋವೈದ್ಯ:
ಚಿಕಿತ್ಸೆಯನ್ನು ನಿರ್ಧರಿಸಲು ನೆಚ್ಚಬಹುದಾದಂಥ ಪರೀಕ್ಷೆ ಇನ್ನೂ ಬಂದಿಲ್ಲ. ಇಂಥ ನಿರೀಕ್ಷೆ ಹಿಂದೆಯೂ ಹುಟ್ಟಿತ್ತು. ರಾತ್ರಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಔಷಧ ಕೊಟ್ಟು ಮರುದಿನ ಕಾರ್ಟಿಸೋಲ್ ಅಳೆದರೆ ಸಾಮಾನ್ಯವಾಗಿ ಅದು ತಗ್ಗಿರುತ್ತದೆ. ತೀವ್ರ ಸ್ವರೂಪದ ಖಿನ್ನತೆಯುಳ್ಳ ಅನೇಕರಲ್ಲಿ ತಗ್ಗುವುದಿಲ್ಲ. 1981ರಲ್ಲಿ ಅಮೆರಿಕದ ಬರ್ನಾರ್ಡ್ ಕ್ಯಾರೊಲ್ ಮತ್ತು ಸಂಗಡಿಗರು ಇದನ್ನು ರೋಗನಿರ್ಣಯಕ್ಕೆ ಬಳಸಬಹುದೆಂದು ವಿವರವಾಗಿ ಮಂಡಿಸಿದಾಗ, ಮನೋವೈದ್ಯಶಾಸ್ತ್ರಕ್ಕೆ ಕೊನೆಗೂ ಒಂದು ಪ್ರಯೋಗಾಲಯ ಪರೀಕ್ಷೆ ದಕ್ಕಿತೆಂದು ಬಹಳ ಮಂದಿ ನಂಬಿದರು. ಆದರೆ ಮರೆವಿನ ಕಾಯಿಲೆ, ಮದ್ಯ ಬಿಟ್ಟ ಹೊಸತು, ತೂಕ ಇಳಿದಿರುವುದು, ಇವೆಲ್ಲದರಲ್ಲೂ ಅದೇ ಫಲಿತಾಂಶ ಬರತೊಡಗಿದ್ದರಿಂದ ಆ ಪರೀಕ್ಷೆ ಖಿನ್ನತೆಯ ರೋಗನಿರ್ಣಯದಿಂದ ಹಿಂದೆ ಸರಿಯಿತು.

ನಿಮ್ಮ ತಮ್ಮನ ವಿಷಯದಲ್ಲಿ ಹೆಚ್ಚು ಬೆಲೆಯುಳ್ಳದ್ದು ಮನೆಯವರ ನೆನಪು. ನಿದ್ದೆ ಬಹಳ ಕಡಿಮೆಯಾಗಿದ್ದರೂ ದಣಿವಿಲ್ಲದೆ, ಮಾತು, ಖರ್ಚು, ಹೊಸ ಹೊಸ ಯೋಜನೆಗಳು ಮಿತಿಮೀರಿದ ದಿನಗಳು ಎಂದಾದರೂ ಸತತವಾಗಿ ಬಂದಿದ್ದವೇ? ಉನ್ಮಾದದ ಆ ಅವಧಿಯನ್ನು ರೋಗಿಯು ಕಾಯಿಲೆಯೆಂದು ಭಾವಿಸದಿರುವುದರಿಂದ ತಾನಾಗಿ ಹೇಳುವುದು ಅಪರೂಪ. ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಕೆಲವರಲ್ಲಿ ಉನ್ಮಾದ ಕೆರಳುವ ಅಪಾಯವಿದೆ. ಆದ್ದರಿಂದ ನೆನಪಾದುದನ್ನೆಲ್ಲ ಬರೆದುಕೊಂಡು ಹೋಗಿ ವೈದ್ಯರಿಗೆ ತಿಳಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಜೀವವಿಜ್ಞಾನದ ಸಂಶೋಧಕಿ:
ನೂರಾರು ಜನರ ಸರಾಸರಿಯಲ್ಲಿ ಕಾಣುವ ವ್ಯತ್ಯಾಸವು ಒಬ್ಬ ವ್ಯಕ್ತಿಯ ರೋಗವನ್ನು ಗುರುತಿಸಲು ಸಾಲುವುದಿಲ್ಲ ಎಂಬುದೇ ಇಲ್ಲಿರುವ ಮೂಲ ತೊಡಕು. ಬಿಡಿಎನ್‌ಎಫ್ ಪ್ರಮಾಣವು ಖಿನ್ನತೆಯಲ್ಲಿ ಸರಾಸರಿ ಕಡಿಮೆ. ಉನ್ಮಾದದಲ್ಲೂ ಕಡಿಮೆ, ಸ್ಕಿಜೋಫ್ರೇನಿಯಾದಲ್ಲೂ (ಭ್ರಮೆಗಳು ಕಾಡುವ ಮನೋರೋಗ) ಕಡಿಮೆ. ಅನುವಂಶೀಯತೆಯ ಕತೆಯೂ ಹೀಗೆಯೇ: 2021ರ ಅಧ್ಯಯನವೊಂದು ಸುಮಾರು 42 ಸಾವಿರ ಬೈಪೋಲಾರ್ ರೋಗಿಗಳ ಡಿಎನ್‌ಎ ಪರಿಶೀಲಿಸಿ, ಕಾಯಿಲೆಗೆ ಸಂಬಂಧಿಸಿದ 64 ತಾಣಗಳನ್ನು ಗುರುತಿಸಿತು, ಒಂದೊಂದರ ಪ್ರಭಾವವೂ ಅತ್ಯಲ್ಪ.

ನನಗೆ ಹೆಚ್ಚು ಆಶಾದಾಯಕವಾಗಿ ಕಾಣುವುದು ಬೇರೊಂದು ದಾರಿ. ಚಿಕಿತ್ಸೆಗೆ ಸುಲಭವಾಗಿ ಬಗ್ಗದ ಖಿನ್ನತೆಯಿದ್ದ 60 ಮಂದಿಯ ಮೇಲೆ ಉರಿಯೂತ ತಗ್ಗಿಸುವ ಇನ್‌ಫ್ಲಿಕ್ಸಿಮ್ಯಾಬ್ ಔಷಧವನ್ನು ಪ್ರಯೋಗಿಸಿದ ವರದಿ 2013ರಲ್ಲಿ ಪ್ರಕಟವಾಯಿತು. ಒಟ್ಟಾರೆ ನೋಡಿದಾಗ ಅದು ಹುಸಿಮದ್ದಿಗಿಂತ ಮೇಲೆನಿಸಲಿಲ್ಲ. ಆದರೆ ಸಿ-ರಿಯಾಕ್ಟಿವ್ ಪ್ರೋಟೀನ್ ಲೀಟರಿಗೆ 5 ಮಿಲಿಗ್ರಾಂ ಮೀರಿದ್ದವರಿಗೆ ಅದರಿಂದ ಗುಣ ಕಾಣುವ ಸೂಚನೆಯಿತ್ತು. ಹಾಗಾಗಿ ಸೂಚಕಗಳು ರೋಗಕ್ಕೆ ಹೆಸರಿಡುವುದಕ್ಕಿಂತ, ಯಾರಿಗೆ ಯಾವ ಔಷಧ ಹೊಂದೀತು ಎಂಬುದಕ್ಕೆ ಮೊದಲು ನೆರವಾಗಬಹುದು. ಸಂಶೋಧನೆ ನಮ್ಮಲ್ಲೂ ನಡೆದಿದೆ: ಬೆಂಗಳೂರಿನಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್, ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳಾದ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸೇರಿ, ಒಂದಕ್ಕಿಂತ ಹೆಚ್ಚು ಜನ ಮಾನಸಿಕ ಕಾಯಿಲೆಗೆ ಒಳಗಾದ ಕುಟುಂಬಗಳನ್ನು ಅಧ್ಯಯನ ಮಾಡಿ, ಅವರ ರಕ್ತಕಣಗಳಿಂದ ಕಾಂಡಕೋಶಗಳನ್ನು (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳು) ಬೆಳೆಸಿವೆ.

ಮಲೆನಾಡಿನವಳು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಮಾವನಿಗೆ ಆಗಾಗ ಮಾಡಿಸುವ ರಕ್ತ ಪರೀಕ್ಷೆ ಯಾವುದಕ್ಕೆ?

ಮನೋವೈದ್ಯ:
ಅವರು ಲಿಥಿಯಂ ತೆಗೆದುಕೊಳ್ಳುತ್ತಿದ್ದರೆ, ಆ ಪರೀಕ್ಷೆ ಔಷಧದ ಪ್ರಮಾಣವನ್ನು ಅಳೆಯಲು. ಕಾಯಿಲೆಯನ್ನು ಪತ್ತೆ ಮಾಡಲು ಅಲ್ಲ. ಹಿಂದಿನ ಮಾತ್ರೆಯಾದ ಸುಮಾರು 12 ಗಂಟೆಗಳ ನಂತರ ರಕ್ತ ಕೊಡಬೇಕು. ಪ್ರಮಾಣ ಹೆಚ್ಚಾದರೆ ವಿಷವಾಗುತ್ತದೆ. ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆಗಳೂ ಅದರ ಜೊತೆಗೇ ಕಾಲಕಾಲಕ್ಕೆ ಆಗುತ್ತಿರಬೇಕು.